ಒಂದೇ ಗುಂಡಿ, ಎರಡು ಕೈ

ಧಾರವಾಡದಾಗ ವಾದಕ್ಕೆ ಬರ ಇಲ್ಲ. ವಿದ್ಯಾವರ್ಧಕ ಸಂಘದ ಸಭಾಂಗಣದಲ್ಲಿ ಮುಗಿಯದ್ದು ಹೊರಗೆ ಗಿರಮಿಟ್ಟಿನ ಸುತ್ತ ಮುಂದುವರಿಯುತ್ತದೆ. ಇಲ್ಲಿಯ ಸಂಗೀತದ ಮಂದಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್‌ಗೆ ಕಿವಿ ಕೊಡುವಂತೆ ನಾನು ವಾದದ ನಡುವೆ ಮಾತೊಂದು ಸದ್ದಿಲ್ಲದೆ ಅರ್ಥ ಬದಲಿಸುವ ಗಳಿಗೆಗೆ ಕಾಯುತ್ತೇನೆ.

2025ರ ಜನವರಿ 30ರಂದು ರಾಜ್ಯ ಆರೋಗ್ಯ ಇಲಾಖೆ ಘನತೆಯ ಸಾವಿನ ಸುತ್ತೋಲೆ ಹೊರಡಿಸಿದ ಮೇಲೆ ಆ ಗಳಿಗೆ ಮೇಲಿಂದ ಮೇಲೆ ಬಂದಿದೆ. ಚೇತರಿಕೆಯ ಆಸೆಯಿಲ್ಲದ ರೋಗಿಗೆ ಜೀವಾಧಾರ ಚಿಕಿತ್ಸೆ ನಿಲ್ಲಿಸಬಹುದು. ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. "ಇದು ಕೊಲ್ಲೂದಲ್ಲ, ಸಾಯಾಕ ಬಿಡೂದು" ಎಂದು ಒಬ್ಬರು ಅಂದರೆ ಉಳಿದವರು ತಲೆದೂಗುತ್ತಾರೆ. ನಾನು ತೂಗುವುದಿಲ್ಲ.

ಅಮೆರಿಕದ ತತ್ವಜ್ಞಾನಿ ಜೇಮ್ಸ್ ರೇಚಲ್ಸ್ 1975ರಲ್ಲಿ ಈ ಭೇದವನ್ನೇ ಕೆಣಕಿದ. ಅವನ ಉದಾಹರಣೆಯಲ್ಲಿ ಸ್ನಾನದ ತೊಟ್ಟಿ ಇದೆ. ನಮಗೆ ಉಣಕಲ್ ಕೆರೆ ಸಾಕು. ಆಸ್ತಿಯ ಆಸೆಗೆ ಒಬ್ಬ, ಹುಡುಗನನ್ನು ನೀರಿನಲ್ಲಿ ಅದುಮುತ್ತಾನೆ. ಅದೇ ಆಸೆಯಿಂದ ಬಂದ ಇನ್ನೊಬ್ಬ, ಹುಡುಗ ತಾನೇ ಕಾಲು ಜಾರಿ ಮುಳುಗುವುದನ್ನು ದಂಡೆಯಲ್ಲಿ ನಿಂತು ನೋಡುತ್ತಾನೆ. ಬರೀ 'ಬಿಟ್ಟವ' ಎಂದು ಅವನನ್ನು ಯಾರು ಕ್ಷಮಿಸುತ್ತಾರೆ?

ನನಗೆ ಇದರ ತಿರುಗುಮುರುಗು ಇನ್ನೂ ರುಚಿ. ಐಸಿಯುನಲ್ಲಿ ವೈದ್ಯ ವೆಂಟಿಲೇಟರಿನ ಗುಂಡಿ ಆರಿಸುತ್ತಾನೆ. ಅದೇ ಗುಂಡಿಯನ್ನು ದಾಯಾದಿಯೊಬ್ಬ ರಾತ್ರಿ ಕದ್ದು ಬಂದು ಆರಿಸಿದರೆ ಕೊಲೆ. ಬೆರಳಿನ ಕೆಲಸ ಒಂದೇ. ಹಾಗಾದರೆ ಕೊಂದರೋ ಬಿಟ್ಟರೋ ಎಂದು ತಾಸುಗಟ್ಟಲೆ ಕಾದಾಡಿ ನಾವು ಕೇಳಲೇ ಮರೆತದ್ದು: ಯಾರ ಒಪ್ಪಿಗೆಯ ಮೇಲೆ?

ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯ ದಾದಿ. 1973ರ ಹಲ್ಲೆಯ ನಂತರ 2015ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಮಲಗಿದ್ದರು. ಆಹಾರ ನಿಲ್ಲಿಸಲು ಪತ್ರಕರ್ತೆ ಪಿಂಕಿ ವಿರಾನಿ ಕೋರಿದಾಗ ಅಲ್ಲಿಯ ದಾದಿಯರು ಕೂಡದೆಂದರು. ಭಾವುಕತೆ ಎಂದು ನಾನೂ ಆಗ ಮೂಗು ಮುರಿದಿದ್ದೆ. ಈಗ ಅದು ಗಟ್ಟಿ ವಾದವಾಗಿ ಕಾಣುತ್ತದೆ: ದಶಕಗಟ್ಟಲೆ ತುತ್ತಿಟ್ಟವರಿಗೇ ಅವಳ ಪರವಾಗಿ ಮಾತಾಡುವ ಹಕ್ಕು. 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ಸ್ಥಾನವನ್ನು ವಿರಾನಿಗೆ ಕೊಡದೆ ಆಸ್ಪತ್ರೆಯವರಿಗೇ ಕೊಟ್ಟಿತು.

ಸುತ್ತೋಲೆಯ ಪ್ರಕಾರ ಮುಂಗಡ ಇಚ್ಛಾಪತ್ರದಲ್ಲಿ ನಮ್ಮ ಪರವಾಗಿ ನಿರ್ಧರಿಸುವ ಕನಿಷ್ಠ ಇಬ್ಬರ ಹೆಸರಿರಬೇಕು. ಬರೆಯಲು ಕುಳಿತೆ. ಮೊದಲನೆಯದು ಹೆಂಡತಿ, ಪೆನ್ನು ನಿಲ್ಲಲಿಲ್ಲ. ಎರಡನೆಯದು? ಅಂದದ್ದಕ್ಕೆಲ್ಲ ಹೂಂ ಅನ್ನುವ ಮಗನೋ, ಮೂವತ್ತು ವರ್ಷದಿಂದ ಒಂದು ಮಾತೂ ಒಪ್ಪದ ಗೆಳೆಯನೋ? ಗೆಳೆಯನ ಹೆಸರು ಬರೆದು ಫೋನ್ ಮಾಡಿದೆ.

"ಒಲ್ಲೆ," ಅಂದ. "ಮೊದಲ ಕಾರಣ ಹೇಳು."