ಗೋಣಿತಟ್ಟಿನ ಮೇಲೆ ಕೂತ ಮನಸ್ಸು

ಶಾಲಾ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ಈಗ ಎಲ್ಲೆಲ್ಲೂ ಮಾತು. ಪರೀಕ್ಷೆಯ ಭಯ, ಅಪ್ಪ ಅಮ್ಮನ ಒತ್ತಾಯ, ಮೊಬೈಲಿನ ಹುಚ್ಚು ಅಂತ ಪಟ್ಟಿ ಮಾಡ್ತಾರೆ. ಮದ್ದೇನು ಅಂದ್ರೆ ಧ್ಯಾನ ಮಾಡಿ, ಉಸಿರು ಎಳೆದು ಬಿಡಿ ಅಂತಾರೆ. ಪರೀಕ್ಷೆಯ ಭಯ ಸುಳ್ಳು ಎಂದು ನಾವು ಹೇಳುವುದಿಲ್ಲ. ಆದರೆ ಒಂದು ಪದ ಆ ಪಟ್ಟಿಯಲ್ಲಿ ಅಪರೂಪಕ್ಕೂ ಕಾಣುವುದಿಲ್ಲ. ಆ ಪದ ಜಾತಿ. ಹಟ್ಟಿಯಿಂದ ಬಂದ ಮಗು ಮೂಲೆಯಲ್ಲಿ ಮುದುಡಿ ಕೂತರೆ ಅದರ ಮನಸ್ಸಿಗೆ ಏನೋ ಆಗಿದೆ ಅನ್ನುತ್ತಾರೆ. ಮೂಲೆಯಲ್ಲಿ ಕೂರಿಸಿದವರು ಯಾರು ಅಂತ ಕೇಳುವುದಿಲ್ಲ.

ಕೇಳಬೇಕಾದ ಈ ಪ್ರಶ್ನೆಯನ್ನು ದಲಿತರ ಆತ್ಮಕಥನಗಳು ಯಾವತ್ತೋ ಕೇಳಿವೆ. ನಮ್ಮ ಶಿಷ್ಟ ಸಾಹಿತ್ಯಕ್ಕೆ ಶಾಲೆ ಬಹುಮಟ್ಟಿಗೆ ಸವಿನೆನಪು. ಮೇಷ್ಟ್ರ ಬೆತ್ತವನ್ನು ನೆನೆದರೂ ಅಲ್ಲಿ ನಗು ಬರುತ್ತದೆ. ಕೇರಿಯವರು ಬರೆದಾಗ ಅದೇ ಶಾಲೆಯ ಇನ್ನೊಂದು ಮುಖ ಕಾಣುತ್ತದೆ. ಅಂಬೇಡ್ಕರರ 'ವೇಟಿಂಗ್ ಫಾರ್ ಎ ವೀಸಾ' ನೋಡಿ. ಸಾತಾರದ ಶಾಲೆಯಲ್ಲಿ ಆ ಹುಡುಗ ಬೇರೆ ಕೂರಬೇಕು. ಕೂರಲು ಗೋಣಿತಟ್ಟನ್ನು ಮನೆಯಿಂದ ತಾನೇ ಹೊತ್ತು ತರಬೇಕು, ಸಂಜೆ ತಾನೇ ಹೊತ್ತೊಯ್ಯಬೇಕು. ಶಾಲೆ ಗುಡಿಸುವ ಆಳೂ ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಅವನು ಇಲ್ಲದ ದಿನ ದಾಹವೇ ಗತಿ. ಕೊಲಂಬಿಯಾ, ಲಂಡನ್ನುಗಳಲ್ಲಿ ಡಾಕ್ಟರೇಟ್ ಪಡೆದು ಬಂದು, 1930ರ ದಶಕದಲ್ಲಿ ಇದನ್ನು ಬರೆಯುವಾಗಲೂ ಆ ತಟ್ಟು ಅವರ ನೆನಪಿನಿಂದ ಎದ್ದು ಹೋಗಿರಲಿಲ್ಲ. ಅವಮಾನ ಮಗುವಿನ ಮನಸ್ಸಿಗೆ ಏನು ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅರವಿಂದ ಮಾಲಗತ್ತಿಯವರು ಮೀಸಲಾತಿಯಲ್ಲಿ ಓದುವ ಹುಡುಗರನ್ನು ಹಂಗಿಸುವ ಮಾತನ್ನೇ ತಮ್ಮ ಆತ್ಮಕಥನಕ್ಕೆ ಹೆಸರಾಗಿಟ್ಟರು. 1994ರ 'ಗೌರ್ಮೆಂಟ್ ಬ್ರಾಹ್ಮಣ' ಆ ಕಲ್ಲನ್ನು ಎಸೆದವರ ಕಡೆಗೇ ತಿರುಗಿಸಿತು. ಸಿದ್ಧಲಿಂಗಯ್ಯನವರ 'ಊರುಕೇರಿ' ನಗುನಗುತ್ತಾ ಹೇಳುತ್ತದೆ. ಆ ನಗುವನ್ನು ಬರೀ ತಮಾಷೆ ಅಂತ ಓದುವವರು ಅರ್ಧ ಮಾತ್ರ ಓದಿದ್ದಾರೆ. ಮನಸ್ಸು ಮುರಿಯದಂತೆ ಹಿಡಿದ ನಗು ಅದು. ಅಲ್ಲಿ ಬೆಂಗಳೂರಿನ ಗೋಪಾಲಪುರದ ಹಾಸ್ಟೆಲ್ ಬರುತ್ತದೆ. ಬಡತನದ ನಡುವೆ ಆ ಹುಡುಗನಿಗೆ ಜೊತೆಗಾರರು ಸಿಕ್ಕರು, ಪುಸ್ತಕ ಸಿಕ್ಕಿತು, ಮಾತು ಬಂತು. ಈ ಕೃತಿಗಳಿಂದ ನಾವು ಕಲಿಯಬೇಕಾದ್ದು ಇದೇ. ಅವಮಾನವನ್ನು ಬಾಯಿಬಿಟ್ಟು ಹೇಳಲು ಜಾಗ ಬೇಕು, ಕೇಳಲು ಜೊತೆಗಾರರು ಬೇಕು.

ಅದೆಲ್ಲ ಹಳೇ ಕಾಲ ಅನ್ನುವವರಿದ್ದಾರೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಶುಚಿ ಮಾಡಿಸಿದ ಸುದ್ದಿ ಹೊರಬಿತ್ತು. ಪ್ರಾಂಶುಪಾಲರೂ ಒಬ್ಬ ಶಿಕ್ಷಕರೂ ಬಂಧನಕ್ಕೊಳಗಾದರು. ಗುಂಡಿಯಿಂದ ಮೇಲೆ ಬಂದ ಆ ಮಕ್ಕಳಿಗೆ ಯಾವ ಉಸಿರಾಟದ ಪಾಠ ಹೇಳುತ್ತೀರಿ?

ಕಾನೂನು ಇಲ್ಲವೆಂದಲ್ಲ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಒಬ್ಬ ಆಪ್ತ ಸಮಾಲೋಚಕರಾದರೂ ಇರಬೇಕೆಂದು ಹೇಳಿತು. ದಲಿತ, ಆದಿವಾಸಿ, ಹಿಂದುಳಿದ ಮಕ್ಕಳೊಡನೆ ಭೇದವಿಲ್ಲದೆ ನಡೆದುಕೊಳ್ಳಲು ಸಿಬ್ಬಂದಿಗೆ ತರಬೇತಿ ಕೊಡಬೇಕೆಂದೂ ಹೇಳಿತು. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ನಮ್ಮ ಹಳ್ಳಿಗಳ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ನೂರು ಮಕ್ಕಳೇ ಇಲ್ಲ. ಅಂಥ ಸಂಸ್ಥೆಗಳು ಹೊರಗಿನ ತಜ್ಞರ ಸಂಪರ್ಕ ಇಟ್ಟುಕೊಂಡರೆ ಸಾಕು. ಹೊರಗಿನ ತಜ್ಞರು ಬರುವ ತನಕ ಆ ಮಗುವಿಗೆ ಇರುವುದು ಮೇಷ್ಟ್ರು ಒಬ್ಬರೇ.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನಮ್ಮ ಮಾತು ಇಷ್ಟೆ. ವಿದ್ಯಾರ್ಥಿವೇತನದ ಅರ್ಜಿ ಬಂದಾಗ "ಎಸ್ಸಿ ಎಸ್ಟಿಯವರು ಎದ್ದು ನಿಲ್ರೋ" ಅಂತ ಇಡೀ ತರಗತಿಯ ಎದುರು ಕೂಗಬೇಡಿ. ಪೊರಕೆ ಯಾರ ಕೈಗೆ ಹೋಗುತ್ತೆ, ಬಿಸಿಯೂಟಕ್ಕೆ ಯಾರ ಪಕ್ಕ ಯಾರೂ ಕೂರಲ್ಲ, ಕಣ್ಣಿಟ್ಟು ನೋಡಿ. ವಾರಗಟ್ಟಲೆ ಶಾಲೆಗೆ ಬಾರದ ಹುಡುಗಿಯ ಹೆಸರು ಹೊಡೆಯುವ ಮೊದಲು ಅವಳ ಮನೆಗೆ ಹೋಗಿ ಕೂತು ಕೇಳಿ. ಮನಸ್ಸಿನ ಕಾಯಿಲೆ ಕೇರಿಯ ಮಕ್ಕಳಿಗೂ ಬರುತ್ತದೆ. ಅದನ್ನು ಸೋಮಾರಿತನ ಅಂತಲೋ ಗಾಳಿ ಸೋಕು ಅಂತಲೋ ತಳ್ಳಿಹಾಕಬೇಡಿ. 2022ರಲ್ಲಿ ಶುರುವಾದ ಟೆಲಿ ಮನಸ್‌ನ 14416ಕ್ಕೆ ಕಾಸಿಲ್ಲದೆ ಫೋನ್ ಮಾಡಬಹುದು. ಆ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಸಮಾಲೋಚಕರು ಬರಲಿ, ಬೇಡ ಅನ್ನುವವರಾರು? ಬಂದವರು ಮಗುವಿನ ತಲೆಯೊಳಗೆ ಇಣುಕುವ ಮೊದಲು ತರಗತಿಯನ್ನು ಒಮ್ಮೆ ಸುತ್ತಿ ನೋಡಲಿ. ಗೋಣಿತಟ್ಟನ್ನು ಹಾಗೇ ಬಿಟ್ಟು, ಅದರ ಮೇಲೆ ಕೂತವನಿಗೆ ಧೈರ್ಯ ಹೇಳುವುದು ಆರೋಗ್ಯವಲ್ಲ, ಅನ್ಯಾಯ. ಮೊದಲು ಆ ತಟ್ಟನ್ನು ಎತ್ತೋಣ.