ಚಿಪ್ಪು ಉಳಿಸಿದ ಬಿಳಿ

ಕಡಲ ದಂಡೆಯಲ್ಲಿ ಹೆಕ್ಕಿದ ಚಿಪ್ಪುಗಳಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ಪಕ್ಕಕ್ಕಿಡಿ. ನೀಲಿಮುದ್ರೆಗೆ, ಅಂದರೆ ಸೈನೊಟೈಪಿಗೆ, ಅದು ಒದಗುವುದಿಲ್ಲ. ಹೊಳೆಯುವ ಕವಡೆಯನ್ನು ಮದ್ದು ಬಳಿದ ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಿದರೆ ಸಿಗುವುದು ಮೊಟ್ಟೆಯಾಕಾರದ ಒಂದು ಬಿಳಿ ಬೊಟ್ಟು. ಅದರ ಚುಕ್ಕೆ, ನುಣುಪು, ಹಲ್ಲು ಯಾವುದೂ ಮೂಡದು. ತಾನು ಎಲ್ಲಿಗೆ ತಲುಪಲಿಲ್ಲ ಎಂಬುದನ್ನಷ್ಟೇ ಬಿಸಿಲು ಬರೆದಿಡುತ್ತದೆ.

1842ರಲ್ಲಿ ಜಾನ್ ಹರ್ಷೆಲ್ ಕಂಡುಕೊಂಡ ವಿಧಾನವಿದು. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಎರಡರ ದ್ರಾವಣ ಬೆರೆಸಿ, ಮಬ್ಬು ಬೆಳಕಲ್ಲಿ ಕಾಗದಕ್ಕೆ ಬಳಿದು ಒಣಗಿಸಬೇಕು. ಬಿಸಿಲು ಬಿದ್ದಲ್ಲಿ ನೀಲಿ ಕಚ್ಚಿಕೊಳ್ಳುತ್ತದೆ. ನೆರಳಿದ್ದಲ್ಲಿ ಮದ್ದೆಲ್ಲ ನೀರಿಗೆ ತೊಳೆದುಹೋಗುತ್ತದೆ. ಎಂಜಿನಿಯರುಗಳ ಬ್ಲೂಪ್ರಿಂಟ್ ಹುಟ್ಟಿದ್ದೂ ಇದರಿಂದಲೇ.

ಮರುವರ್ಷವೇ ಇಂಗ್ಲೆಂಡಿನ ಅನ್ನಾ ಅಟ್ಕಿನ್ಸ್ ಕಡಲಪಾಚಿಗಳ ನೀಲಿಮುದ್ರೆಗಳನ್ನು ಕಂತುಕಂತಾಗಿ ಹೊರತರತೊಡಗಿದರು. ಅದಕ್ಕೂ 20 ವರ್ಷ ಮೊದಲು, ಚಿಪ್ಪುಗಳ ಕುರಿತ ಫ್ರೆಂಚ್ ನಿಸರ್ಗವಿಜ್ಞಾನಿ ಲಮಾರ್ಕನ ಬರಹವನ್ನು ಅವರ ಅಪ್ಪ ಇಂಗ್ಲಿಷಿಗೆ ತಂದಾಗ, 200ಕ್ಕೂ ಹೆಚ್ಚು ಚಿಪ್ಪುಗಳ ಚಿತ್ರ ಬರೆದುಕೊಟ್ಟವರು ಇದೇ ಅಟ್ಕಿನ್ಸ್. ಚಿಪ್ಪನ್ನು ಅಷ್ಟು ಬಲ್ಲವರು ಬಿಸಿಲಿಗೆ ಒಡ್ಡಿದ್ದು ಮಾತ್ರ ಪಾಚಿಯನ್ನು! ಪಾಚಿ ಕಾಗದಕ್ಕೆ ಒತ್ತಿಕೊಂಡು ಮಲಗುತ್ತದೆ, ಎಳೆಎಳೆಯೂ ಮೂಡುತ್ತದೆ. ಚಿಪ್ಪು ಹಾಗಲ್ಲ. ಚಿಪ್ಪಿನ ಬೆನ್ನು ಹತ್ತಿದ ನಮ್ಮಂಥವರಿಗೆ ಅವರ ಆ ಆಯ್ಕೆ ಮೊದಲೇ ಕೊಟ್ಟ ಎಚ್ಚರಿಕೆ ಎನಿಸುತ್ತದೆ.

ಆದರೂ ನನಗೆ ಚಿಪ್ಪೇ ಇಷ್ಟ. ತೆಳ್ಳಗಿನದು, ಒಡೆದದ್ದು, ತೆರೆಗೆ ಸವೆದು ತೂತಾದದ್ದು ಆಗಬೇಕು. ಗೋವಾದ ಹಳೆಮನೆಗಳ ಕಿಟಕಿಗೆ ಗಾಜಿನ ಬದಲು ಕೂರಿಸುತ್ತಿದ್ದ ಚಿಪ್ಪಿನ ಚೂರೊಂದು ನನ್ನಲ್ಲಿದೆ. ಬೆಳಕನ್ನು ಅರ್ಧ ಬಿಟ್ಟು ಅರ್ಧ ತಡೆಯುವ ಅದರಿಂದ ಬರುವ ತಿಳಿನೀಲಿ ಬೇರಾವುದರಿಂದಲೂ ಬರದು. ಕಪ್ಪೆಚಿಪ್ಪನ್ನು ಬೋರಲು ಹಾಕಿದರೆ ಅಂಚು ಖಚಿತ. ಅಂಗಾತ ಇಟ್ಟರೆ ಅಂಚಿನಡಿ ಬೆಳಕು ನುಸುಳಿ ಮಸುಕು. ಕಾಗದ ಬಿಸಿಲಲ್ಲಿರುವ ಇಪ್ಪತ್ತು ನಿಮಿಷದಲ್ಲಿ ಸೂರ್ಯನೂ ಸರಿಯುತ್ತಾನೆ, ನೆರಳೂ ಜಾರುತ್ತದೆ. ಮಾಗಿಯ ಬೆಳಗಿನ ಓರೆ ಬಿಸಿಲಿನ ಮುದ್ರೆಯಲ್ಲಿ ಆ ಜಾರುವಿಕೆ ಬಾಲದಂತೆ ಕಾಣುತ್ತದೆ. ಗಾಜು ಒತ್ತಿ ಅದನ್ನು ಅಳಿಸಲು ಹೆಣಗುವವರಿದ್ದಾರೆ. ನನಗೆ ಅವರ ಕೆಲಸ ರುಚಿಸದು.

ಇನ್ನು ಬಾಳಿಕೆ. ಕುಮಟೆಯ ಹಳೆಮನೆಯ ಜಗಲಿಯಲ್ಲಿ ಒಂದು ಮುದ್ರೆಯನ್ನು ಕಟ್ಟು ಹಾಕಿಸದೆ ಗೋಡೆಗೊರಗಿಸಿದ್ದೆ. ಬೇಸಿಗೆ ಕಳೆಯುವುದರೊಳಗೆ ನೀಲಿ ಬೂದಿಗೆ ತಿರುಗಿತ್ತು. ಬೇಸರದಿಂದ ಟ್ರಂಕಿಗೆ ಹಾಕಿದೆ. ದೀಪಾವಳಿಗೆ ತೆಗೆದಾಗ ನೀಲಿ ಬಹುಪಾಲು ಮರಳಿತ್ತು! ಹೆಚ್ಚು ಬೆಳಕಿಗೆ ಬಣ್ಣಗೆಡುವ ಈ ನೀಲಿ, ಕತ್ತಲಲ್ಲಿ ಗಾಳಿಯ ಆಮ್ಲಜನಕದಿಂದ ಚೇತರಿಸಿಕೊಳ್ಳುತ್ತದೆ. ಅಂದರೆ ನೋಡಲೆಂದು ಹೊರಗಿಟ್ಟಷ್ಟೂ ಮಾಸುತ್ತದೆ, ಮರೆತು ಮುಚ್ಚಿಟ್ಟರೆ ಮರಳುತ್ತದೆ.

ಕ್ಷಾರ ತಾಗಿದರೆ ಮಾತ್ರ ಆ ಭಾಗ್ಯವಿಲ್ಲ. ಸೋಪು, ಸೋಡಾ, ಸುಣ್ಣ ಮೂರೂ ನೀಲಿಯನ್ನು ತಿಂದುಹಾಕುತ್ತವೆ. ನನ್ನ ಮುದ್ರೆಯ ಒಂದು ಅಂಚು, ಥಂಡಿ ಗೋಡೆಗೆ ಅಂಟಿದ್ದ ಕಡೆ, ಇವತ್ತಿಗೂ ಮಾಸಲು ಹಳದಿ. ಆ ಗೋಡೆಗೆ ಬಳಿದಿದ್ದು ಚಿಪ್ಪು ಸುಟ್ಟು ಮಾಡಿದ ಸುಣ್ಣ.