ಚೀಟ್ ಡೇ: ಮೋಸ ಯಾರಿಗೆ ಸ್ವಾಮಿ?

ತೂಕ ಇಳಿಸೋರ ಬಾಯಲ್ಲಿ ಈಗ ಒಂದು ಪದ ಸಲೀಸಾಗಿ ಓಡಾಡುತ್ತೆ: ಚೀಟ್ ಡೇ. ಆರು ದಿನ ಓಟ್ಸು, ಮೊಳಕೆಕಾಳು, ಸೌತೆಕಾಯಿ. ಏಳನೇ ದಿನ ಮನಸ್ಸಿಗೆ ಬಂದಿದ್ದೆಲ್ಲ. ಜಿಮ್ ಟ್ರೈನರ್‌ಗಳು ಇದನ್ನ ಹೇಳಿಕೊಡ್ತಾರೆ, ಸೋಮವಾರ ಆಫೀಸಿನಲ್ಲಿ ಇದರದ್ದೇ ವರದಿ. ಆಗೊಮ್ಮೆ ಈಗೊಮ್ಮೆ ಇಷ್ಟದ್ದು ತಿನ್ನೋದಕ್ಕೆ ನನ್ನ ತಕರಾರಿಲ್ಲ. ತಕರಾರಿರೋದು ಈ ಏರ್ಪಾಡಿನ ಬಗ್ಗೆ, ಅದಕ್ಕಿಟ್ಟ ಹೆಸರಿನ ಬಗ್ಗೆ.

ಮೊದಲು ಲೆಕ್ಕ ನೋಡೋಣ. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7700 ಕ್ಯಾಲೊರಿ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ಆರು ದಿನಕ್ಕೆ 3000 ಉಳಿತಾಯ, ಅಂದ್ರೆ 390 ಗ್ರಾಂ ಆಸುಪಾಸು. ಭಾನುವಾರ ಬಿರಿಯಾನಿ, ಗೋಬಿ ಮಂಚೂರಿ, ಐಸ್‌ಕ್ರೀಮು ಅಂತ ಕೂತರೆ ಬೇಕಾದ್ದಕ್ಕಿಂತ 1800 ಹೆಚ್ಚು ಒಳಗೆ ಹೋಗೋದು ಕಷ್ಟವೇನಲ್ಲ. ಉಳಿದಿದ್ದು 1200, ಅಂದ್ರೆ ಬರೀ 155 ಗ್ರಾಂ. ಆರು ದಿನದ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ದಿನದಲ್ಲಿ ಖರ್ಚು. ಬದಲಿಗೆ ತುಪ್ಪ ಹಾಕಿದ ಹೋಳಿಗೆ ಎರಡು ತಿನ್ನಿ. ಒಂದಕ್ಕೆ 300 ಅಂತ ಹಿಡಿದರೂ 2400 ಉಳೀತು. ಕೆಡಿಸಿದ್ದು ಹೋಳಿಗೆ ಅಲ್ಲ, 'ಇವತ್ತು ಏನು ಬೇಕಾದ್ರೂ ನಡೆಯುತ್ತೆ' ಅನ್ನೋ ಲೈಸೆನ್ಸು.

ಇದನ್ನ ಸಮರ್ಥಿಸೋರ ಮಾತಿನಲ್ಲೂ ಅರ್ಧ ನಿಜ ಇದೆ. ಬಾಯಿ ಪೂರ್ತಿ ಕಟ್ಟಿದರೆ ಮನಸ್ಸು ಊಟಕ್ಕೇ ಅಂಟಿಕೊಳ್ಳುತ್ತೆ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಗಂಡಸರನ್ನ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು ಪ್ರಯೋಗ ಮಾಡಿದ್ರು. ಅವರಲ್ಲಿ ಕೆಲವರು ಅಡುಗೆ ಪುಸ್ತಕಗಳನ್ನ ಕೂತು ಓದೋಕೆ ಶುರು ಮಾಡಿದ್ರಂತೆ! ಹಾಗಾಗಿ ನಡುವೆ ಒಂದು ಸಡಿಲಿಕೆ ಬೇಕು, ಒಪ್ಪೋಣ.

ಆದ್ರೆ ಆ ಸಡಿಲಿಕೆಗೆ 'ಮೋಸ' ಅಂತ ಹೆಸರಿಟ್ಟ ಕೂಡಲೇ ಕಥೆ ಬದಲಾಗುತ್ತೆ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಅನ್ನೋ ಸಂಶೋಧಕರು ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ಮುಂದಿಟ್ಟರು. ಊಟದ ಮೇಲೆ ಹಿಡಿತ ಇಟ್ಟುಕೊಳ್ಳದವರು ಮಿಲ್ಕ್‌ಶೇಕ್ ಆದ್ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದ್ರು. ಪಥ್ಯದವರು ಉಲ್ಟಾ, ಮಿಲ್ಕ್‌ಶೇಕ್ ಕುಡಿದ ಮೇಲೇ ಹೆಚ್ಚು ತಿಂದ್ರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, 'ಕೆಟ್ಟಿದ್ದಂತೂ ಕೆಟ್ಟಾಯ್ತು, ಇನ್ನೇನು ನೋಡೋದು' ಅಂತ. ತಪ್ಪು ಅಂತ ಅಂದುಕೊಂಡು ತಿಂದವನಿಗೆ ಎಲ್ಲಿ ನಿಲ್ಲಿಸಬೇಕು ಅನ್ನೋದು ಹೊಳೆಯಲ್ಲ.

ನಮ್ಮ ಟೀಮಿನ ಹುಡುಗನೊಬ್ಬ ಯುಗಾದಿ ದಿನ ಅವರಮ್ಮ ಬಡಿಸಿದ ಹೋಳಿಗೆ ಬೇಡ ಅಂದನಂತೆ. ಯಾಕಪ್ಪಾ ಅಂದ್ರೆ ಚೀಟ್ ಡೇ ಇನ್ನೂ ಬಂದಿಲ್ಲ. ಆಮೇಲೆ ಭಾನುವಾರ ರೂಮಿನಲ್ಲಿ ಒಬ್ಬನೇ ಕೂತು ಆರ್ಡರ್ ಮಾಡಿದ ಪಿಜ್ಜಾ ತಿಂದ. ಅಮ್ಮನ ಕೈಯಡುಗೆ ನಿಯಮಕ್ಕೆ ವಿರುದ್ಧ, ಪಾರ್ಸೆಲ್ ನಿಯಮದ ಪ್ರಕಾರ! ಇಂಥ ನಿಯಮದಿಂದ ಸೊಂಟ ಸಣ್ಣ ಆದ್ರೂ ಏನು ಬಂತು?

ಊರಲ್ಲಿ ನಾವು ಬೆಳೆದಿದ್ದು ಬೇರೆ ಕ್ಯಾಲೆಂಡರಿನಲ್ಲಿ. ಸಂಕ್ರಾಂತಿಗೆ ಎಳ್ಳುಬೆಲ್ಲ, ಗೌರಿ-ಗಣೇಶನಿಗೆ ಕಡುಬು, ದೀಪಾವಳಿಗೆ ಕಜ್ಜಾಯ. ಉಳಿದ ದಿನ ಮುದ್ದೆ, ಉಪ್ಸಾರು. ಹಂಗಂತ 'ಹಿರಿಯರು ಎಷ್ಟು ಸಂಯಮಿಗಳು' ಅಂತ ಕೊಂಡಾಡೋದು ಬೇಡ. ದಿನಾ ಹೋಳಿಗೆ ಆಗ್ತಿರಲಿಲ್ಲ ಅಂದ್ರೆ ಬೇಳೆ-ಬೆಲ್ಲಕ್ಕೆ ಕಾಸಿರಲಿಲ್ಲ, ಅಷ್ಟೇ. ಹಬ್ಬದ ಮಾರನೇ ದಿನ ಹೊಲದಲ್ಲಿ ಬೆವರು ಹರೀತಿತ್ತು, ನಮಗೆ ಕುರ್ಚಿಯಲ್ಲಿ ಒಂಬತ್ತು ಗಂಟೆ. ಅವರ ಐದು ಹೋಳಿಗೆ ನಮಗೆ ದಕ್ಕಲ್ಲ. ಆದ್ರೂ ಆ ಹೋಳಿಗೆಗೆ ಒಂದು ಕಾರಣ ಇತ್ತು, ಜೊತೆಗೆ ತಿನ್ನೋ ಜನ ಇದ್ರು, ಮಾಡಿದ್ದು ಖಾಲಿಯಾದ್ರೆ ಹಬ್ಬ ಮುಗೀತಿತ್ತು. ಈ ಮೂರೂ ಇಲ್ಲದ ತಿನಿಸೇ ಚೀಟ್ ಡೇ.

ಇನ್ನು ಸಕ್ಕರೆ ಕಾಯಿಲೆ ಇರೋರ ಮಾತು. ಟೆಸ್ಟಿಗೆ ಮುಂಚೆ ಒಂದು ವಾರ ಸಿಹಿ ಬಿಟ್ಟು, ರಿಪೋರ್ಟ್ ಬಂದ ದಿನ ಜಾಮೂನು ತಿನ್ನೋರು ನಮ್ಮ ಮನೆಗಳಲ್ಲೇ ಇದ್ದಾರೆ. ಎಚ್‌ಬಿಎ1ಸಿ ಪರೀಕ್ಷೆ ತೋರಿಸೋದು ಹಿಂದಿನ ಎರಡು-ಮೂರು ತಿಂಗಳ ಸರಾಸರಿ. ಆ ಲಾಗ್ ಫೈಲನ್ನ ಡಿಲೀಟ್ ಮಾಡೋಕಾಗಲ್ಲ. ಮಾತ್ರೆ, ಇನ್ಸುಲಿನ್ ತಗೊಳ್ಳೋರಿಗೆ ಆರು ದಿನ ಬಿಗಿ, ಒಂದು ದಿನ ಬಿಡುಗಡೆ ಅನ್ನೋದು ಅಪಾಯದ ಆಟ. ಅವರು ಕೇಳಬೇಕಾದ್ದು ಟ್ರೈನರನ್ನಲ್ಲ, ಡಾಕ್ಟರನ್ನ.

ಉಳಿದವರು ಹೆಸರು ಬದಲಿಸಿ ನೋಡಿ. ಹಬ್ಬ ಬುಧವಾರ ಬಂದ್ರೆ ಹೋಳಿಗೆ ಬುಧವಾರವೇ ತಿನ್ನಿ. ಎರಡೇ ಎರಡು, ತುಪ್ಪ ಹಾಕಿಸಿಕೊಂಡು, ಮನೆಯವರ ಜೊತೆ ಕೂತು. ಭಾನುವಾರ ಎಂದಿನ ಹಾಗೆ ಮುದ್ದೆ, ಸೊಪ್ಪಿನ ಸಾರು ಇರಲಿ.